ಫರ್ಮಾನ ಊಹೆಗೆ 641 ಕೊಟ್ಟ ಉತ್ತರ

4,29,49,67,297. ಬಾಯಲ್ಲಿ ಹೇಳುವುದಾದರೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಸರ್ಕಾರಗಳ ಬಜೆಟ್ ಓದುವವರಿಗೆ ಈ ಗಾತ್ರದ ಸಂಖ್ಯೆ ಹೊಸದೇನಲ್ಲ. ಆದರೆ ಗಣಿತದ ಚರಿತ್ರೆಯಲ್ಲಿ ಈ ಹತ್ತು ಅಂಕಿಗಳಿಗೆ ಬೇರೆಯದೇ ಸ್ಥಾನವಿದೆ. 17ನೇ ಶತಮಾನದ ಅತಿ ದೊಡ್ಡ ಗಣಿತಜ್ಞರಲ್ಲೊಬ್ಬ ಇದರ ಬಗ್ಗೆ ಒಂದು ಮಾತು ಹೇಳಿದ. ಅದು ತಪ್ಪೆಂದು ಗೊತ್ತಾಗಲು 92 ವರ್ಷ ಹಿಡಿಯಿತು. ಹಾಗೆಂದು ಆ ತಪ್ಪನ್ನು ತೋರಿಸುವ ಲೆಕ್ಕ ಕಠಿಣವೇನಲ್ಲ. ಹೈಸ್ಕೂಲು ಓದಿದ ಯಾರಾದರೂ ಅರ್ಧ ಹಾಳೆಯಲ್ಲಿ ಮಾಡಿ ಮುಗಿಸಬಹುದು. ಇಷ್ಟು ಸುಲಭದ ಲೆಕ್ಕಕ್ಕೆ ಅಷ್ಟು ಕಾಲ ಏಕೆ ಬೇಕಾಯಿತು ಎಂಬುದನ್ನು ನಿಧಾನವಾಗಿ ನೋಡೋಣ.

ಮೊದಲು ಎರಡು ಪದಗಳ ಪರಿಚಯ. 1ಕ್ಕಿಂತ ದೊಡ್ಡದಾಗಿದ್ದು, 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವ ಪೂರ್ಣ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಎಂದು ಹೆಸರು. 2, 3, 5, 7, 11, 13 ಇಂಥವು. 12 ಈ ಗುಂಪಿಗೆ ಸೇರುವುದಿಲ್ಲ. ಅದನ್ನು 3 × 4 ಎಂದು ಒಡೆಯಬಹುದು. ಹೀಗೆ ಒಡೆಯಲು ಬರುವವು ಸಂಯುಕ್ತ ಸಂಖ್ಯೆಗಳು, ಒಡೆದಾಗ ಸಿಗುವ ತುಂಡುಗಳು ಅಪವರ್ತನಗಳು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದ್ದ. ಆದರೆ ಅವು ಬರುವ ಕ್ರಮಕ್ಕೆ ಯಾವ ಸರಳ ನಿಯಮವೂ ಕಾಣುವುದಿಲ್ಲ. ಆದ್ದರಿಂದ ಬರೀ ಅವಿಭಾಜ್ಯಗಳನ್ನೇ ಕೊಡುವ ಒಂದು ಸೂತ್ರ ಸಿಕ್ಕೀತೇ ಎಂಬ ಆಸೆ ಗಣಿತಜ್ಞರಿಗೆ ಹಿಂದಿನಿಂದಲೂ ಇತ್ತು.

ಅಂಥ ಸೂತ್ರ ಸಿಕ್ಕಿತೆಂದು ಪಿಯರ್ ದ ಫರ್ಮಾ ನಂಬಿದ. ವೃತ್ತಿಯಲ್ಲಿ ಅವನು ಫ್ರಾನ್ಸಿನ ಟುಲೂಸ್ ನಗರದ ನ್ಯಾಯಾಲಯದ ಅಧಿಕಾರಿ. ಗಣಿತ ಅವನ ಬಿಡುವಿನ ವೇಳೆಯ ಹವ್ಯಾಸ. 1640ರಲ್ಲಿ ಅವನು ಮಿತ್ರರಿಗೆ ಬರೆದ ಪತ್ರಗಳಲ್ಲಿ ಈ ಸೂತ್ರದ ಪ್ರಸ್ತಾಪ ಬರುತ್ತದೆ.

ಸೂತ್ರ ಸರಳವಾಗಿದೆ. 2ರ ಘಾತವೊಂದನ್ನು, ಅಂದರೆ ಹಲವು ಎರಡುಗಳನ್ನು ಗುಣಿಸಿ ಬಂದ ಸಂಖ್ಯೆಯನ್ನು ತೆಗೆದುಕೊಂಡು ಅದಕ್ಕೆ 1 ಕೂಡಿಸಬೇಕು. ಆದರೆ ಎಷ್ಟು ಎರಡುಗಳನ್ನು ಗುಣಿಸಬೇಕು ಎಂಬುದಕ್ಕೆ ಒಂದು ಕಟ್ಟಳೆಯಿದೆ. ಆ ಎಣಿಕೆ 1, 2, 4, 8, 16, 32 ಹೀಗೆ ಇಮ್ಮಡಿಸುತ್ತಲೇ ಹೋಗಬೇಕು. ಇದಕ್ಕೆ ಕಾರಣವೂ ಇದೆ. ಎಣಿಕೆಯೊಳಗೆ 3, 5, 7ರಂಥ ಬೆಸ ಅಪವರ್ತನವೊಂದು ಅಡಗಿದ್ದರೆ ಫಲ ಒಡೆದೇ ಒಡೆಯುತ್ತದೆ. 2³ + 1 ಎಂದರೆ 9, ಅದು 3 × 3. 2⁶ + 1 ಎಂದರೆ 65, ಅದು 5 × 13. ಆದ್ದರಿಂದ ಅವಿಭಾಜ್ಯ ಸಿಗುವ ಸಂಭವ ಉಳಿಯುವುದು ಬೆಸ ಅಪವರ್ತನವೇ ಇಲ್ಲದ ಎಣಿಕೆಗಳಲ್ಲಿ ಮಾತ್ರ. ಆ ಸಂಭವವನ್ನು ಫರ್ಮಾ ಖಚಿತವೆಂದುಕೊಂಡ.

ಲೆಕ್ಕ ಮಾಡಿದರೆ ಮೊದಲು ಬರುವವು 3, 5, 17, 257 ಮತ್ತು 65,537. ಐದೂ ಅವಿಭಾಜ್ಯಗಳೇ. ಆರನೆಯದು 2³² + 1, ಅದೇ ನಮ್ಮ 4,29,49,67,297. ಇದೂ ಅವಿಭಾಜ್ಯವೇ, ಮುಂದಿನವೂ ಎಲ್ಲ ಅವಿಭಾಜ್ಯಗಳೇ ಎಂಬುದು ಫರ್ಮಾನ ಊಹೆ. ತನ್ನ ಬಳಿ ಪೂರ್ಣ ಸಾಧನೆ ಇಲ್ಲವೆಂದು ಅವನೇ ಒಪ್ಪಿಕೊಂಡಿದ್ದ. ಸಾಧನೆ ಎಂದರೆ ತರ್ಕದ ಹೆಜ್ಜೆಗಳಿಂದ, ಸಂಶಯಕ್ಕೆ ಎಡೆಯಿಲ್ಲದಂತೆ ಒಂದು ಮಾತನ್ನು ಸ್ಥಾಪಿಸುವುದು. ಅದು ಕೈಗೆ ಸಿಗದಿದ್ದರೂ ನಂಬಿಕೆ ಮಾತ್ರ ಸಡಿಲವಾಗಲಿಲ್ಲ.

ಐದರವರೆಗೆ ಬಂದವನಿಗೆ ಆರನೆಯದರಲ್ಲಿ ತಪ್ಪು ಏಕೆ ಕಾಣಲಿಲ್ಲ? ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 65,537ರ ವರ್ಗಮೂಲ ಸುಮಾರು 256. ಅಲ್ಲಿಯವರೆಗೆ ಇರುವ ಅವಿಭಾಜ್ಯಗಳು 54. ಇದು ಒಂದು ದಿನದೊಳಗೆ ಮುಗಿಯುವ ಕೆಲಸ. ಆರನೆಯ ಸಂಖ್ಯೆಯ ವರ್ಗಮೂಲ ಸುಮಾರು 65,536. ಅಲ್ಲಿಯವರೆಗಿನ ಅವಿಭಾಜ್ಯಗಳು 6,542. ಹತ್ತು ಅಂಕಿಗಳ ಸಂಖ್ಯೆಯನ್ನು ಆರೂವರೆ ಸಾವಿರ ಸಲ ಕೈಯಲ್ಲಿ ಭಾಗಿಸಲು ಯಾರಿಗಾದರೂ ಮನಸ್ಸು ಹಿಂಜರಿಯುತ್ತದೆ. ವಿಪರ್ಯಾಸವೆಂದರೆ, ಚಿಕ್ಕದರಿಂದ ಶುರುಮಾಡಿ ಒಂದೊಂದಾಗಿ ಭಾಗಿಸುತ್ತ ಹೋಗಿದ್ದರೆ 116ನೇ ಪ್ರಯತ್ನದಲ್ಲೇ ಉತ್ತರ ಸಿಗುತ್ತಿತ್ತು.

ಆಯ್ಲರ್ ಹಿಡಿದ ದಾರಿ

1729ರಲ್ಲಿ ಕ್ರಿಶ್ಚಿಯನ್ ಗೋಲ್ಡ್‌ಬಾಖ್ ತನ್ನ ಕಿರಿಯ ಮಿತ್ರ ಲಿಯೊನಾರ್ಡ್ ಆಯ್ಲರ್‌ಗೆ ಪತ್ರ ಬರೆದು, ಫರ್ಮಾನ ಈ ಊಹೆ ಗೊತ್ತೇ ಎಂದು ಕೇಳಿದ. ಆಯ್ಲರ್ ಆಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ, ವಯಸ್ಸು ಇಪ್ಪತ್ತೆರಡು. ಮೊದಮೊದಲು ಅವನಿಗೆ ಈ ಪ್ರಶ್ನೆಯಲ್ಲಿ ಹೆಚ್ಚಿನ ಆಸಕ್ತಿ ಹುಟ್ಟಲಿಲ್ಲ. ಆದರೆ 1732ರ ಹೊತ್ತಿಗೆ ಅವನ ಉತ್ತರ ಸಿದ್ಧವಾಗಿತ್ತು: ಆರನೆಯ ಸಂಖ್ಯೆ ಅವಿಭಾಜ್ಯವಲ್ಲ, ಅದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

4,29,49,67,297 = 641 × 67,00,417.

641 ಸಿಕ್ಕಿದ್ದು ಅದೃಷ್ಟದಿಂದಲ್ಲ. ಸಾವಿರಾರು ಸಂಖ್ಯೆಗಳಲ್ಲಿ ಹುಡುಕುವ ಬದಲು, ಅಪವರ್ತನವೊಂದು ಇದ್ದರೆ ಅದು ಯಾವ ರೂಪದ್ದಾಗಿರಬೇಕು ಎಂಬ ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳುವುದು ಈ ದಾರಿಯ ಹೆಚ್ಚುಗಾರಿಕೆ. ಇದನ್ನು ಅರಿಯಲು ಶೇಷಗಳ ಲೆಕ್ಕ ತಿಳಿದಿರಬೇಕು. ಗಡಿಯಾರದಲ್ಲಿ ಹನ್ನೆರಡರ ನಂತರ ಮತ್ತೆ ಒಂದು ಬರುವಂತೆ, ಒಂದು ನಿಗದಿತ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡರೆ ಲೆಕ್ಕ ಸುತ್ತುತ್ತಿರುತ್ತದೆ.

17ನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1ರಿಂದ ಹೊರಟು ಇಮ್ಮಡಿಸುತ್ತ, 17ನ್ನು ಮೀರಿದಾಗಲೆಲ್ಲ ಅದನ್ನು ಕಳೆಯುತ್ತ ಹೋದರೆ 1, 2, 4, 8, 16, 15, 13, 9, ಆಮೇಲೆ ಮತ್ತೆ 1 ಬರುತ್ತದೆ. ಎಂಟು ಹೆಜ್ಜೆಗೆ ಒಂದು ಸುತ್ತು ಮುಗಿಯಿತು. ಸರಿಯಾಗಿ ಅರ್ಧದಾರಿಯಲ್ಲಿ, ನಾಲ್ಕನೇ ಹೆಜ್ಜೆಯಲ್ಲಿ, 17ಕ್ಕೆ ಒಂದು ಕಡಿಮೆಯಾದ 16 ಬಂದಿತ್ತು. 17 ಎಂದರೆ 2⁴ + 1 ಆಗಿರುವುದೇ ಅದಕ್ಕೆ ಕಾರಣ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 17ರಲ್ಲಿ ಒಂದು ಕಳೆದರೆ 16, ಅದು ಸುತ್ತಿನ ಉದ್ದವಾದ ಎಂಟರ ಎರಡರಷ್ಟು.

ಇದು ಆಕಸ್ಮಿಕವಲ್ಲ. 2ನ್ನು ಬಿಟ್ಟು ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ, ಅದಕ್ಕಿಂತ ಒಂದು ಕಡಿಮೆ ಸಲ ಇಮ್ಮಡಿಸಿದಾಗ ಶೇಷ 1ಕ್ಕೆ ಮರಳಿರುತ್ತದೆ. ಆದ್ದರಿಂದ ಆ ಒಂದು ಕಡಿಮೆಯಾದ ಸಂಖ್ಯೆಯಲ್ಲಿ ಪೂರ್ತಿ ಸುತ್ತುಗಳೇ ಇರಬೇಕು, ಅರೆಬರೆ ಸುತ್ತು ಇರಲಾರದು. ಈ ನಿಯಮವನ್ನು ಕಂಡುಕೊಂಡವನೂ ಫರ್ಮಾನೇ, ಅದನ್ನು ತಿಳಿಸಿದ ಅವನ ಪತ್ರವೂ 1640ರದ್ದೇ. ಫರ್ಮಾನ ಕಿರು ಪ್ರಮೇಯ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ.

ಈಗ ನಮ್ಮ ಸಂಖ್ಯೆಗೆ ಬರೋಣ. ಯಾವುದೋ ಅವಿಭಾಜ್ಯ 2³² + 1ನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದುಕೊಳ್ಳೋಣ. ಹಾಗಾದರೆ ಆ ಅವಿಭಾಜ್ಯದ ಲೆಕ್ಕದಲ್ಲಿ 32ನೇ ಹೆಜ್ಜೆಗೆ ಶೇಷ ‘ಒಂದು ಕಡಿಮೆ’ ಎಂಬಲ್ಲಿರುತ್ತದೆ. ಅದು ಮೈನಸ್ 1 ಇದ್ದಂತೆ. ಇನ್ನೂ 32 ಹೆಜ್ಜೆ ಹೋದರೆ ಮೈನಸ್ 1ನ್ನು ಮೈನಸ್ 1ರಿಂದ ಗುಣಿಸಿದಂತಾಗಿ ಶೇಷ 1ಕ್ಕೆ ಮರಳುತ್ತದೆ. ಅಂದರೆ ಸುತ್ತಿನ ಉದ್ದ ಸರಿಯಾಗಿ 64. ಆದ್ದರಿಂದ ಆ ಅವಿಭಾಜ್ಯದಲ್ಲಿ ಒಂದು ಕಳೆದರೆ ಉಳಿಯುವುದು 64ರಿಂದ ಭಾಗವಾಗಲೇಬೇಕು.

ಹುಡುಕಾಟದ ಬಯಲು ಇಲ್ಲಿಗೆ ಹಠಾತ್ತನೆ ಕಿರಿದಾಗುತ್ತದೆ. 64ರ ಮಗ್ಗಿ ಹೇಳಿ ಒಂದು ಕೂಡಿಸಿದರೆ 65, 129, 193, 257, 321, 385, 449, 513, 577, 641 ಬರುತ್ತವೆ. ಇವುಗಳಲ್ಲಿ 65, 129, 321, 385, 513 ಸಂಯುಕ್ತ ಸಂಖ್ಯೆಗಳಾದ್ದರಿಂದ ಅವನ್ನು ಬಿಡಬಹುದು. ಉಳಿದವು 193, 257, 449, 577 ಮತ್ತು 641. ಮೊದಲ ನಾಲ್ಕರಿಂದ ಭಾಗವಾಗುವುದಿಲ್ಲ, ಐದನೆಯದರಿಂದ ಭಾಗವಾಗುತ್ತದೆ. ಆರೂವರೆ ಸಾವಿರ ಭಾಗಾಕಾರಗಳ ಬೆಟ್ಟ ಐದಕ್ಕೆ ಇಳಿಯಿತು. ಅದಕ್ಕೆ ಬೇಕಾದ ಸಲಕರಣೆ ಫರ್ಮಾನ ಕೈಯಲ್ಲೇ ಇತ್ತು. ಇದೇ ಬಗೆಯ ತರ್ಕದಿಂದ ಅವನು ಅದೇ 1640ರಲ್ಲಿ 2³⁷ − 1 ಎಂಬ ಇನ್ನೂ ದೊಡ್ಡ ಸಂಖ್ಯೆಗೆ 223 ಎಂಬ ಅಪವರ್ತನವನ್ನು ಕಂಡುಹಿಡಿದಿದ್ದ. ಪರೀಕ್ಷೆಯ ಸಾಧನ ಇದ್ದೂ ಈ ಸಂಖ್ಯೆಯಲ್ಲಿ ಅದು ಅವನಿಗೆ ಫಲ ಕೊಡಲಿಲ್ಲ.

ಯಾರ ಮಾತನ್ನೂ ನಂಬಬೇಕಿಲ್ಲ

ಭಾಗಾಕಾರ ಮಾಡದೆಯೂ 641ರ ವಿಷಯವನ್ನು ಖಾತ್ರಿಪಡಿಸಿಕೊಳ್ಳಬಹುದು. 641ನ್ನು ಎರಡು ಬಗೆಯಲ್ಲಿ ಬರೆಯಲು ಬರುತ್ತದೆ. ಒಂದು, 640 + 1. ಇನ್ನೊಂದು, 625 + 16. ಇಲ್ಲಿ 640 ಎಂದರೆ 5 × 2⁷, 625 ಎಂದರೆ 5⁴, 16 ಎಂದರೆ 2⁴.

640ನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 625 × 2²⁸ ಆಗುತ್ತದೆ. ಅದರಲ್ಲಿ 1 ಕಳೆದದ್ದನ್ನು ಮೊದಲನೆಯ ರಾಶಿ ಎನ್ನೋಣ. ಶಾಲೆಯಲ್ಲಿ ಕಲಿತ ‘ವರ್ಗಗಳ ವ್ಯತ್ಯಾಸ’ದ ಸೂತ್ರದಂತೆ ಅದು 639 × 641 × (640² + 1) ಎಂದು ಒಡೆಯುತ್ತದೆ. ಆದ್ದರಿಂದ ಅದು 641ರಿಂದ ಭಾಗವಾಗುತ್ತದೆ. ಎರಡನೆಯ ರಾಶಿ 625 × 2²⁸ ಮತ್ತು 16 × 2²⁸ ಇವುಗಳ ಮೊತ್ತ, ಅಂದರೆ 641 × 2²⁸. ಇದೂ 641ರಿಂದ ಭಾಗವಾಗುತ್ತದೆ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ 625 × 2²⁸ ಹೊಡೆದುಹೋಗಿ 16 × 2²⁸ + 1 ಉಳಿಯುತ್ತದೆ. ಅದೇ 2³² + 1. 641ರಿಂದ ಭಾಗವಾಗುವ ಎರಡು ರಾಶಿಗಳ ವ್ಯತ್ಯಾಸವೂ 641ರಿಂದ ಭಾಗವಾಗಲೇಬೇಕು. ಇಷ್ಟೇ ಸಾಧನೆ. ಹತ್ತು ಅಂಕಿಗಳ ಸಂಖ್ಯೆಯನ್ನು ಇಡಿಯಾಗಿ ಒಮ್ಮೆಯೂ ಬರೆಯಬೇಕಾಗಿ ಬರಲಿಲ್ಲ.

ಹಾಗಾದರೆ ಉಳಿದ ತುಂಡು 67,00,417 ಇನ್ನೂ ಒಡೆಯುತ್ತದೆಯೇ? ಇದಕ್ಕೂ ಅದೇ ದಾರಿ. 1878ರಲ್ಲಿ ಫ್ರಾನ್ಸಿನ ಎಡ್ವಾರ್ ಲ್ಯೂಕಾ ಆಯ್ಲರನ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿ, 64ರ ಬದಲು 128ರ ಮಗ್ಗಿಯನ್ನೇ ಬಳಸಬಹುದೆಂದು ತೋರಿಸಿದ. ಈ ತುಂಡಿನ ವರ್ಗಮೂಲ ಸುಮಾರು 2,588. ಅಲ್ಲಿಯವರೆಗೆ 128ರ ಮಗ್ಗಿಗೆ ಒಂದು ಕೂಡಿಸಿದಾಗ ಸಿಗುವ ಅವಿಭಾಜ್ಯಗಳು 257, 641, 769, 1153 ಮತ್ತು 1409 ಮಾತ್ರ. ಯಾವುದರಿಂದಲೂ ಅದು ಭಾಗವಾಗುವುದಿಲ್ಲ. ಹಾಗಾಗಿ 67,00,417 ಅವಿಭಾಜ್ಯ, ನಮ್ಮ ಸಂಖ್ಯೆಗೆ ಇರುವುದು ಎರಡೇ ಅವಿಭಾಜ್ಯ ಅಪವರ್ತನ.

ಇಂಥ ತರ್ಕದ ನೆರವಿಲ್ಲದೆ ಇದನ್ನು ಒಡೆದವರೂ ಇದ್ದಾರೆ. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಝೆರಾ ಕೋಲ್ಬರ್ನ್ ಎಂಬ ಬಾಲಕ ಮನದಲ್ಲೇ ಲೆಕ್ಕ ಮಾಡುವ ಪ್ರದರ್ಶನಗಳಿಗೆ ಹೆಸರಾಗಿದ್ದ. ಲಂಡನ್ನಿನಲ್ಲಿ ಎಂಟು ವರ್ಷದ ಅವನ ಮುಂದೆ ಈ ಸಂಖ್ಯೆಯನ್ನು ಇಟ್ಟಾಗ 641ನ್ನು ಮನಸ್ಸಿನಲ್ಲೇ ಹುಡುಕಿ ಹೇಳಿದನೆಂದು ಆ ಕಾಲದ ದಾಖಲೆಗಳು ತಿಳಿಸುತ್ತವೆ.

ಅಕ್ಕಪಕ್ಕದ ಸಂಖ್ಯೆಗಳು

ಈ ಸಂಖ್ಯೆಯ ನೆರೆಹೊರೆಯೂ ಸ್ವಾರಸ್ಯಕರ. ಇದಕ್ಕಿಂತ ಒಂದು ಕಡಿಮೆಯಾದ 4,29,49,67,296 ಎಂದರೆ 2³². ಕಂಪ್ಯೂಟರಿನಲ್ಲಿ ಸೊನ್ನೆ ಅಥವಾ ಒಂದನ್ನು ಹಿಡಿದಿಡುವ ಒಂದು ಮನೆಗೆ ಬಿಟ್ ಎನ್ನುತ್ತಾರೆ. 32 ಬಿಟ್‌ಗಳಲ್ಲಿ ಬರೆಯಬಹುದಾದ ಬೇರೆ ಬೇರೆ ಸಂಖ್ಯೆಗಳ ಒಟ್ಟು ಎಣಿಕೆಯೇ ಇದು. ಅಂತರ್ಜಾಲದ ಹಳೆಯ ವಿಳಾಸ ವ್ಯವಸ್ಥೆಯಾದ ಐಪಿವಿ4ರಲ್ಲಿ ಪ್ರತಿ ವಿಳಾಸಕ್ಕೆ 32 ಬಿಟ್. ಹಾಗಾಗಿ ಒಟ್ಟು ವಿಳಾಸಗಳು 429 ಕೋಟಿ ಚಿಲ್ಲರೆ ಮಾತ್ರ. ಜಾಗತಿಕ ಮಟ್ಟದಲ್ಲಿ ಹಂಚಲು ಉಳಿಸಿಕೊಂಡಿದ್ದ ವಿಳಾಸಗಳ ದಾಸ್ತಾನು 2011ರಲ್ಲಿ ಖಾಲಿಯಾದದ್ದು ಈ ಮಿತಿಯಿಂದಲೇ.

ಎರಡು ಕಡಿಮೆಯಾದ 4,29,49,67,295ರ ಗುಣ ಇನ್ನೂ ಬೇರೆ. ಅದು 3 × 5 × 17 × 257 × 65,537. ಅಂದರೆ ಫರ್ಮಾ ಪಟ್ಟಿ ಮಾಡಿದ್ದ ಐದೂ ಅವಿಭಾಜ್ಯಗಳ ಗುಣಲಬ್ಧ. ಈ ಸಂಬಂಧ ಪಟ್ಟಿಯುದ್ದಕ್ಕೂ ನಡೆಯುತ್ತದೆ. ಅವನ ಸೂತ್ರದಿಂದ ಬರುವ ಸಂಖ್ಯೆ, ಅಂದರೆ ಫರ್ಮಾ ಸಂಖ್ಯೆ, ಯಾವುದೇ ಇರಲಿ, ಅದರ ಹಿಂದಿನ ಎಲ್ಲವನ್ನೂ ಗುಣಿಸಿ 2 ಕೂಡಿಸಿದರೆ ಅದೇ ಬರುತ್ತದೆ. 3 × 5 + 2 ಎಂದರೆ 17. 3 × 5 × 17 + 2 ಎಂದರೆ 257. ಆದ್ದರಿಂದ ಯಾವ ಎರಡು ಫರ್ಮಾ ಸಂಖ್ಯೆಗಳಿಗೂ 1ನ್ನು ಬಿಟ್ಟು ಸಮಾನ ಅಪವರ್ತನ ಇರಲಾರದು. ಪ್ರತಿ ಸಂಖ್ಯೆಯೂ ಹೊಸದೊಂದು ಅವಿಭಾಜ್ಯವನ್ನು ತರುತ್ತದೆ ಎಂದಾದ ಮೇಲೆ ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂಬ ಯೂಕ್ಲಿಡನ ಮಾತಿಗೆ ಇನ್ನೊಂದು ಸಾಧನೆ ಸಿಕ್ಕಂತಾಯಿತು. ಊಹೆ ಬಿದ್ದುಹೋದರೂ ಆ ಸಂಖ್ಯೆಗಳು ಉಪಯೋಗಕ್ಕೆ ಬಂದವು.

ರೇಖಾಗಣಿತದಲ್ಲೂ ಇವುಗಳಿಗೆ ಕೆಲಸ ಸಿಕ್ಕಿತು. ಅಳತೆಯ ಗುರುತಿಲ್ಲದ ಪಟ್ಟಿ ಮತ್ತು ಕೈವಾರ ಇಷ್ಟನ್ನೇ ಬಳಸಿ ಎಷ್ಟು ಬಾಹುಗಳ ಸಮಬಾಹು, ಸಮಕೋನ ಆಕೃತಿಗಳನ್ನು ರಚಿಸಬಹುದು ಎಂಬುದು ಗ್ರೀಕರ ಕಾಲದ ಪ್ರಶ್ನೆ. 1796ರಲ್ಲಿ ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗೌಸ್ ತನ್ನ ಹದಿನೆಂಟನೇ ವಯಸ್ಸಿನಲ್ಲಿ 17 ಬಾಹುಗಳ ಆಕೃತಿ ಸಾಧ್ಯವೆಂದು ತೋರಿಸಿ, ಅದರ ಗುಟ್ಟು ಫರ್ಮಾ ಅವಿಭಾಜ್ಯಗಳಲ್ಲಿದೆ ಎಂದು ಕಂಡುಕೊಂಡ. ಬಾಹುಗಳ ಎಣಿಕೆ ಬೆಸವಾಗಿದ್ದರೆ, ಅದು ಒಂದು ಫರ್ಮಾ ಅವಿಭಾಜ್ಯವೋ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವೋ ಆಗಿರಬೇಕು. ಬೇರೆ ಎಣಿಕೆಗಳಿಗೆ ರಚನೆ ಅಸಾಧ್ಯ ಎಂಬ ಭಾಗವನ್ನು 1837ರಲ್ಲಿ ಪಿಯರ್ ವಾಂಟ್ಸೆಲ್ ಸಾಧಿಸಿದ. ಹಾಗಾಗಿ ರಚಿಸಬಹುದೆಂದು ನಮಗೆ ಗೊತ್ತಿರುವ ಅತಿ ದೊಡ್ಡ ಬೆಸ ಎಣಿಕೆ 4,29,49,67,295. ಫರ್ಮಾನ ಊಹೆ ನಿಜವಾಗಿದ್ದರೆ ಈ ಪಟ್ಟಿಗೆ ಕೊನೆಯೇ ಇರುತ್ತಿರಲಿಲ್ಲ.

ಆಮೇಲೆ ಏನಾಯಿತು?

ಏಳನೆಯ ಫರ್ಮಾ ಸಂಖ್ಯೆ 2⁶⁴ + 1ಕ್ಕೆ 20 ಅಂಕಿಗಳು. ಅದನ್ನು 1880ರಲ್ಲಿ ಫ್ರಾನ್ಸಿನ ಫಾರ್ಚುನೆ ಲಾಂದ್ರಿ ತನ್ನ 82ನೇ ವಯಸ್ಸಿನಲ್ಲಿ 2,74,177 ಮತ್ತು ಇನ್ನೊಂದು ಅವಿಭಾಜ್ಯವಾಗಿ ಒಡೆದ. 39 ಅಂಕಿಗಳ ಎಂಟನೆಯದು ಸಂಯುಕ್ತವೆಂದು 1905ರಲ್ಲೇ ತಿಳಿದರೂ ಒಡೆದದ್ದು 1970ರಲ್ಲಿ, ಕಂಪ್ಯೂಟರಿನಿಂದ. 155 ಅಂಕಿಗಳ ಹತ್ತನೆಯದು 1990ರಲ್ಲಿ ಪೂರ್ತಿಯಾಗಿ ಒಡೆಯಿತು. ಅದಕ್ಕೆ ನೂರಾರು ಕಂಪ್ಯೂಟರ್‌ಗಳು ಬೇಕಾದವು.

ಅಪವರ್ತನ ಗೊತ್ತಾಗದೆ ಒಂದು ಸಂಖ್ಯೆ ಸಂಯುಕ್ತವೆಂದು ಹೇಗೆ ತಿಳಿಯುತ್ತದೆ ಎಂಬ ಅನುಮಾನ ಸಹಜ. 1877ರಲ್ಲಿ ಪೆಪ್ಯಾ ಎಂಬ ಫ್ರೆಂಚ್ ಪಾದ್ರಿ ಇದಕ್ಕೊಂದು ಪರೀಕ್ಷೆ ಕೊಟ್ಟ. ಈ ಸಲ 3ನ್ನು ಪದೇ ಪದೇ ವರ್ಗ ಮಾಡುತ್ತ ಶೇಷವನ್ನು ಇಟ್ಟುಕೊಳ್ಳಬೇಕು. ಸಂಖ್ಯೆ ಅವಿಭಾಜ್ಯವಾಗಿದ್ದರೆ ಒಂದು ನಿಗದಿತ ಹೆಜ್ಜೆಯಲ್ಲಿ ಮೈನಸ್ 1 ಬರಲೇಬೇಕು. ಬರದಿದ್ದರೆ ಅದು ಸಂಯುಕ್ತ. ತುಂಡುಗಳು ಯಾವುವು ಎಂಬುದು ಮಾತ್ರ ತಿಳಿಯುವುದಿಲ್ಲ. 2ರ ಮೇಲಿನ ಎಣಿಕೆ 2²⁰ ಮತ್ತು 2²⁴ ಆಗಿರುವ ಫರ್ಮಾ ಸಂಖ್ಯೆಗಳ ಸ್ಥಿತಿ ಇಂದಿಗೂ ಹೀಗೆಯೇ ಇದೆ. ಅವು ಒಡೆಯುತ್ತವೆಂದು ಖಚಿತವಾಗಿದೆ, ಒಂದು ತುಂಡೂ ಕೈಗೆ ಸಿಕ್ಕಿಲ್ಲ.

ಎಣಿಕೆ 2⁵ರಿಂದ 2³²ರವರೆಗಿನ ಎಲ್ಲ ಫರ್ಮಾ ಸಂಖ್ಯೆಗಳೂ ಸಂಯುಕ್ತವೆಂದು ಈಗ ತಿಳಿದಿದೆ. ಸ್ವಭಾವ ಗೊತ್ತಿಲ್ಲದ ಮೊದಲನೆಯದು 2³³ರದ್ದು. ಅದನ್ನು ಬರೆಯಲು ಸುಮಾರು 258 ಕೋಟಿ ಅಂಕಿಗಳು ಬೇಕು. ಫರ್ಮಾ ಕಂಡ ಐದರಾಚೆಗೆ ಆರನೆಯ ಅವಿಭಾಜ್ಯ ಇದುವರೆಗೆ ಸಿಕ್ಕಿಲ್ಲ. ಇನ್ನು ಸಿಗಲಾರದು ಎಂಬುದು ಬಹುಪಾಲು ತಜ್ಞರ ಅನಿಸಿಕೆ. ಅಂಕಿಗಳು ಹೆಚ್ಚಿದಂತೆ ಅವಿಭಾಜ್ಯಗಳು ವಿರಳವಾಗುತ್ತವೆ. ಇಲ್ಲಿ ಪ್ರತಿ ಹೆಜ್ಜೆಗೂ ಅಂಕಿಗಳು ಇಮ್ಮಡಿಯಾಗುವುದರಿಂದ ಸಂಭವ ಅರ್ಧರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಆದರೆ ಇದೂ ಊಹೆಯೇ, ಸಾಧನೆಯಲ್ಲ.

ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಈ ಅಸಮತೆಗೆ ನಿತ್ಯಜೀವನದಲ್ಲೂ ಬೆಲೆಯಿದೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಉತ್ತರ ಹೇಳಿದ್ದರು. ಕಾಗದ, ಪೆನ್ನು ಹಿಡಿದರೆ ಸಾಮಾನ್ಯರೂ ತುಸು ಹೊತ್ತಿನಲ್ಲಿ ಅದನ್ನು ಮಾಡಬಹುದು. ಆದರೆ ಉತ್ತರವನ್ನಷ್ಟೇ ಕೊಟ್ಟು ಆ ಎರಡು ಸಂಖ್ಯೆಗಳನ್ನು ಹುಡುಕಿ ಎಂದರೆ ಕೆಲಸ ಎಷ್ಟೋ ಪಟ್ಟು ಬೆಳೆಯುತ್ತದೆ. ನೂರಾರು ಅಂಕಿಗಳಾದಾಗ ಇಂದಿನ ಕಂಪ್ಯೂಟರ್‌ಗಳೂ ಕೈಚೆಲ್ಲುತ್ತವೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಎಂಬ ಗುಪ್ತಲಿಪಿ ನಿಂತಿರುವುದು ಈ ಕಷ್ಟದ ಮೇಲೆಯೇ. ಆ ವ್ಯವಸ್ಥೆಯ ಬಹಿರಂಗ ಕೀಲಿಯಲ್ಲಿ ಸಾಮಾನ್ಯವಾಗಿ ಬಳಸುವ ಘಾತಾಂಕ 65,537, ಅಂದರೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳಲ್ಲಿ ಕೊನೆಯದು. ಅಷ್ಟು ದೊಡ್ಡ ಘಾತವನ್ನು 16 ಸಲ ವರ್ಗ ಮಾಡಿ ಒಂದು ಸಲ ಗುಣಿಸಿ ಮುಗಿಸಬಹುದಾದ್ದರಿಂದ ಅದು ಕಂಪ್ಯೂಟರಿಗೆ ಹಗುರ.

ಈ ಎಲ್ಲದರಿಂದ ತಿಳಿಯುವುದೇನು? ಫರ್ಮಾನನ್ನು ಇಲ್ಲಿ ಹಗುರವಾಗಿ ಕಾಣಬೇಕಿಲ್ಲ. ಐದು ಉದಾಹರಣೆಗಳಿಂದ ಒಂದು ನಿಯಮವನ್ನು ಊಹಿಸುವುದು ತಪ್ಪಲ್ಲ; ಗಣಿತ ಬೆಳೆದಿರುವುದೇ ಅಂಥ ಊಹೆಗಳಿಂದ. ಸಾಧನೆ ಇಲ್ಲವೆಂದು ಬಿಚ್ಚಿ ಹೇಳಿದ್ದು ಅವನ ಪ್ರಾಮಾಣಿಕತೆ. ಆದರೆ ಉದಾಹರಣೆಗಳು ಎಷ್ಟೇ ಇದ್ದರೂ ಅವು ಊಹೆಗೆ ಬಲ ಕೊಡುತ್ತವೆಯೇ ಹೊರತು ಅದನ್ನು ಸಾಧಿಸಲಾರವು. ಒಂದು ಪ್ರತ್ಯುದಾಹರಣೆಯಾದರೋ ಅದನ್ನು ಶಾಶ್ವತವಾಗಿ ಬೀಳಿಸುತ್ತದೆ.

ನಮ್ಮ ಶಾಲೆಗಳಲ್ಲಿ ಅವಿಭಾಜ್ಯ ಸಂಖ್ಯೆ, ಘಾತಾಂಕ, ವರ್ಗಗಳ ವ್ಯತ್ಯಾಸ ಮೂರನ್ನೂ ಕಲಿಸುತ್ತಾರೆ. ಮೂರನ್ನೂ ಒಟ್ಟಿಗೆ ದುಡಿಸುವ ಲೆಕ್ಕಗಳು ಮಾತ್ರ ಮಕ್ಕಳ ಕೈಗೆ ಸಿಗುವುದು ಅಪರೂಪ. ಒಂಬತ್ತನೇ ತರಗತಿಯ ಶಿಕ್ಷಕರು ಒಂದು ಪೀರಿಯಡ್ಡನ್ನು ಇದಕ್ಕೆ ಮೀಸಲಿಟ್ಟು ನೋಡಬಹುದು. ಮೊದಲ ಐದು ಸಂಖ್ಯೆಗಳನ್ನು ಕೊಟ್ಟು ಆರನೆಯದರ ಬಗ್ಗೆ ಮಕ್ಕಳ ಅಭಿಪ್ರಾಯ ಕೇಳಲಿ. ಹೆಚ್ಚಿನವರು ಫರ್ಮಾ ಹೇಳಿದ್ದನ್ನೇ ಹೇಳಿಯಾರು. ಆಮೇಲೆ 640 ಮತ್ತು 641ರ ಲೆಕ್ಕವನ್ನು ಅವರಿಂದಲೇ ಮಾಡಿಸಲಿ. ಯಾರೇ ಹೇಳಿದ್ದಾದರೂ ಪರೀಕ್ಷಿಸಿ ಒಪ್ಪಬೇಕು ಎಂಬ ಪಾಠ ಉಪದೇಶದಿಂದ ಬರುವುದಕ್ಕಿಂತ ಇಂಥ ಒಂದು ಲೆಕ್ಕದಿಂದ ಚೆನ್ನಾಗಿ ಬರುತ್ತದೆ.